ನಕ್ಷೆಯ ಅಡಿಯಲ್ಲಿ ಉಳಿದ ಎಚ್ಚರಿಕೆ

"ನಿನ್ನ ಮುಖ ನೋಡೋಕೆ ಬಂದಿಲ್ಲ ಎರ್ಮೆಕ್! ಒಂದೇ ಒಂದು ಮಾತು ಕೇಳೋಕೆ ಬಂದೆ..."

ಕಿರ್ಗಿಸ್ತಾನದ ಕರಕೋಲ್ ಪಟ್ಟಣದ ಚಾರಣಿಗರ ಕಚೇರಿಯ ಬಾಗಿಲಲ್ಲೇ ನಿಂತಿದ್ದಳು ಬೇಗಾಯಿಮ್. ಚಳಿಗಾಲಕ್ಕೆ ಮೊದಲು ಎರ್ಮೆಕ್‌ನ ತಾಯಿ ಅವಳಿಗೆ ಓಲೆ ತೊಡಿಸಿ ಸಂಬಂಧ ಗಟ್ಟಿ ಮಾಡಿದ್ದರು. ಆಮೇಲೆ ಅವಳ ಅಣ್ಣ ಸಪಾರ್, ಕುದುರೆಗಳನ್ನು ಇಳಿಸಿ ತರಲು ಬೆಟ್ಟ ಹತ್ತಿದವನು, ಹಿಮದಡಿ ಸಿಕ್ಕಿ ಸತ್ತ. ಅಂದಿನಿಂದ ಅವಳು ಎರ್ಮೆಕ್‌ನ ಫೋನೇ ಎತ್ತಿರಲಿಲ್ಲ.

ಬೆಟ್ಟದ ದಾರಿಗಳ ಸ್ಥಿತಿ ತಿಳಿಸುವ ವೆಬ್ ಪುಟ ನೋಡಿಕೊಳ್ಳುತ್ತಿದ್ದವನು ಅವನೇ.

"ದಾರಿ ಮುಚ್ಚಿದೆ ಅಂತ ಅವತ್ತು ಯಾಕೆ ಹಾಕ್ಲಿಲ್ಲ? ಸರೋವರದ ಹತ್ರ ನಾನು ಕಾಯ್ತಿದ್ದೀನಿ ಅನ್ನೋ ಆತುರಾನಾ?"

'ಅವತ್ತು ನಾನು ಎರ್ಮೆಕ್‌ನನ್ನು ಸರೋವರಕ್ಕೆ ಕರೆಯದಿದ್ದರೆ ಅಣ್ಣ ಉಳಿಯುತ್ತಿದ್ದ...' ಇಷ್ಟು ದಿನ ಅವಳನ್ನು ಸುಡುತ್ತಿದ್ದುದು ಇದೇ!

"ಹಾಕಿದ್ದೆ ಬೇಗಾಯಿಮ್. ನಿನ್ನ ಹತ್ರ ಬರೋಕೆ ಮುಂಚೇನೇ."

"ಸುಳ್ಳು! ಅಣ್ಣನ ಫೋನು ನಾನೇ ನೋಡಿದ್ದೀನಿ. ಬರೀ ನಕ್ಷೆ ಇತ್ತು!"

"ಅದರ ಅಡೀಲಿತ್ತು..."

ಅವನು ಅವತ್ತಿನ ಪುಟದ ಪ್ರತಿಯನ್ನು ತೆರೆದ. ಕಂಪ್ಯೂಟರಿನಲ್ಲಿ ಕೆಂಪು ಎಚ್ಚರಿಕೆ ಎದ್ದು ಕಾಣುತ್ತಿತ್ತು. ಪುಟವನ್ನು ಫೋನಿನಷ್ಟು ಕಿರಿದು ಮಾಡಿದ ಕೂಡಲೇ ನಕ್ಷೆ ಅದರ ಮೇಲೇರಿ ಪೂರ್ತಿ ಮುಚ್ಚಿಬಿಟ್ಟಿತು!

ನಕ್ಷೆಯನ್ನು ಕೆಳಗಿನ ಪದರಕ್ಕೆ ತಳ್ಳುವ ಒಂದು ಸಾಲು ಕೋಡ್ ಬರೆದು ತೋರಿಸಿದ. ಎಚ್ಚರಿಕೆ ಮೇಲೆ ಬಂತು.

'ಹಿಮಕುಸಿತದ ಅಪಾಯ. ಯಾರೂ ಹೋಗಬೇಡಿ.'

ಬೇಗಾಯಿಮ್ ಕುಸಿದು ಕುಳಿತಳು.

"ಇಷ್ಟೇನಾ? ಇಷ್ಟು ಮಾಡಿದ್ರೆ ಅಣ್ಣ ಮನೆಗೆ ಬರ್ತಿದ್ನಾ?"

"ಫೋನಲ್ಲಿ ಒಂದ್ಸಲ ತೆಗೆದು ನೋಡ್ಬೇಕಿತ್ತು, ನೋಡ್ಲಿಲ್ಲ. ತಪ್ಪು ನಂದು. ನಿಂದಲ್ಲ..."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಮಣ್ಣು ಮಾಡೋ ದಿನ ಬಂದಿದ್ದೆ. ನಿಮ್ಮಮ್ಮ ಎದೆ ಬಡ್ಕೊಂಡು ಅಳ್ತಿದ್ರು. ಏನಂತ ಹೇಳ್ಲಿ? ನಕ್ಷೆ ಅಡ್ಡ ಬಂತು ಅಂತಾನಾ?"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವಳನ್ನು ಮುಟ್ಟುವ ಧೈರ್ಯ ಅವನಿಗಾಗಲಿಲ್ಲ. ಕೊನೆಗೆ ಅವಳೇ ಅವನ ತೋಳು ಹಿಡಿದಳು.

"ನಾಳೆ ಅಣ್ಣ ಹೋಗಿ ನಲವತ್ತನೇ ದಿನದ ಊಟ. ಬಾ."

"ನಿಮ್ಮಮ್ಮ ಓಡಿಸಿದ್ರೆ?"

"ಇದನ್ನೇ ಹೇಳು. ಒಂದಕ್ಷರ ಬಚ್ಚಿಡಬೇಡ. ಬೈದ್ರೆ ಬೈಸ್ಕೋ... ನಾನು ಪಕ್ಕದಲ್ಲೇ ನಿಂತಿರ್ತೀನಿ."

"ನನ್ನ ಮೇಲೆ ಕೋಪ ಇಲ್ವಾ?"

"ಇದೆ. ತುಂಬಾ ಇದೆ." ಅವನ ತೋಳನ್ನು ಅವಳು ಬಿಡಲಿಲ್ಲ. "ಪ್ರೀತಿನೂ ಹೋಗ್ಲಿಲ್ಲ ಎರ್ಮೆಕ್... ಏನ್ ಮಾಡ್ಲಿ ಹೇಳು?"