ಬಚ್ಚಣ್ಣನಿಗೆ ಬಡಿಸಿದ ಫ್ರೆಂಚ್ ಬ್ರಾಂದಿ

ಬಾಟ್ಲಿಯಿಂದ ಲೋಟಕ್ಕೆ ಬಿದ್ದದ್ದರ ಬಣ್ಣವೇನೋ ಬ್ರಾಂದಿಯದ್ದೇ ಆಗಿತ್ತು. ಆದರೆ ಒಂದು ಗುಟುಕು ಬಾಯಿಗೆ ಹಾಕಿದ ಶೈಲೇಶ ಅಂಗಳಕ್ಕೆ ಓಡಿ ಉಗಿದು ಬಂದ.

"ಎಂತ ಮಾರಾಯಾ ಅನೂಪ, ಇದ್ ಬ್ರಾಂದಿಯಾ? ಸಿಹಿ ನೀರ್!"

ಚಾವಡಿಯಲ್ಲಿ ಕೂತವರೆಲ್ಲ ತಲೆಯೆತ್ತಿದರು. ಬೈಂದೂರಿನ ಮೀನು ವ್ಯಾಪಾರಿ ಬಚ್ಚಣ್ಣ ತೀರಿಕೊಂಡ ಮೇಲಿನ ಕೊನೆಯ ಕಾರ್ಯ ಅಂದು. ಆ ಮನೆಯ ಪದ್ಧತಿಯಂತೆ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಒಳಕೋಣೆಯಲ್ಲಿ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರು ಹೊರಗೆ ಮಾತಿಲ್ಲದೆ ಕೂರಬೇಕು. ಹೋದವರು ಬಂದು ಉಂಡು ಹೋಗುತ್ತಾರೆಂದು ನಂಬಿಕೆ. ಆಮೇಲೆ ಬಾಗಿಲು ತಟ್ಟಿ ತೆರೆದು, ಬಡಿಸಿದ್ದನ್ನೇ ಎಲ್ಲರೂ ಪ್ರಸಾದವೆಂದು ಹಂಚಿಕೊಳ್ಳುತ್ತಾರೆ. ಬಂಗುಡೆ ಸಾರು, ಕೋಳಿ, ಕಡುಬು, ಪಾಯಸ, ಬೀಡಿಕಟ್ಟು ಇವುಗಳ ಜೊತೆ ಬಚ್ಚಣ್ಣನ ಎಲೆಯ ಪಕ್ಕ ಒಂದು ಫ್ರೆಂಚ್ ಬ್ರಾಂದಿಯ ಬಾಟ್ಲಿಯೂ ಇತ್ತು.

ಬಾಟ್ಲಿಯ ಮೇಲಿನ ಹೆಸರು ಆ ಊರಿನಲ್ಲಿ ಯಾರ ನಾಲಗೆಗೂ ಹೊರಳುತ್ತಿರಲಿಲ್ಲ. ಹಿಂದಿ ಸಿನಿಮಾದ ಹೀರೋ ಒಬ್ಬ ಕೋಟು ಹಾಕಿಕೊಂಡು ಅದರ ಜಾಹೀರಾತಿನಲ್ಲಿ ನಗುತ್ತಿದ್ದ; ಬಾಟ್ಲಿಯ ಹೊಟ್ಟೆಯ ಮೇಲೆ ಬಂಗಾರದ ಬಣ್ಣದಲ್ಲಿ ಅವನದೇ ರುಜು. ಹಾಗಾಗಿ ಎಲ್ಲರಿಗೂ ಅದು 'ಹೀರೋ ಬ್ರಾಂದಿ'. ಮುಂಬೈಯಲ್ಲಿ ಹೋಟೆಲು ನಡೆಸುವ ಮಗ ಅನೂಪ ಅದನ್ನು ತರುತ್ತೇನೆಂದು ತಂದೆಗೆ ಬಹಳ ಕಾಲದಿಂದ ಹೇಳುತ್ತಿದ್ದ. ತಂದದ್ದು ತಂದೆ ಹೋದ ಮೇಲೆ.

"ನಿನ್ನೆ ಬಂದಾಗ ಎಲ್ರಿಗೂ ಸೀಲ್ ತೋರ್ಸಿದ್ನಲೆ," ಎಂದ ಅನೂಪ. ಬಾಟ್ಲಿಯ ಕುತ್ತಿಗೆಯನ್ನು ಎಲ್ಲರ ಕಡೆ ತಿರುಗಿಸಿದ. "ಈಗ ಕಾಣಿ, ಸುತ್ತಲೂ ಕತ್ತಿಲಿ ಕೊಯ್ದಿರ್. ಬಿರಡೆ ಸಲೀಸಾಗಿ ಬಂದಾಗ್ಲೇ ನಂಗ್ ಅನ್ಸಿತ್."

"ಬೊಂಬಾಯಗೆ ನಿಂಗೆ ಯಾರೋ ಟೋಪಿ ಹಾಕಿರ್ ಬಿಡ್," ಎಂದು ಶೈಲೇಶ ಕೆಣಕಿದ. ಅವನು ಅನೂಪನ ಚಿಕ್ಕಪ್ಪನ ಮಗ. ಆ ಬಾಟ್ಲಿಯ ಮೇಲೆ ನಿನ್ನೆಯಿಂದಲೂ ಅವನಿಗೆ ಕಣ್ಣಿತ್ತು.

ಅನೂಪ ಅವನ ಮಾತಿಗೆ ಕಿವಿಗೊಡಲಿಲ್ಲ. ಕಂಬಕ್ಕೊರಗಿ ಕೂತಿದ್ದ ಅಕ್ಕನ ಗಂಡನ ಕಡೆ ತಿರುಗಿದ. "ಭಾವ, ಬಾಟ್ಲಿ ಪೆಟ್ಟಿಗೆ ರಾತ್ರಿ ನಿಮ್ಮ್ ಮಂಚದಡಿಗೇ ಇದ್ದಿತ್."

ಸುಧಾಕರ ಎದ್ದು ಬಂದು ಲೋಟ ತೆಗೆದುಕೊಂಡ. ತುಟಿಗೆ ತಾಗಿಸಿದ. ಅವನ ಮುಖದಿಂದ ರಕ್ತವೆಲ್ಲ ಇಳಿದುಹೋದಂತಾಯಿತು. ಲೋಟವನ್ನು ಮೆಲ್ಲನೆ ಕೆಳಗಿಟ್ಟ.

"ನಾನ್ ಕುಡಿಲಿಲ್ಲ."

"ಮತ್ತ್ಯಾರ್?"

"ಅದ್ ಕೇಳ್ಬೇಡ ಅನೂಪ."

ಒಂದು ಕಾಲಕ್ಕೆ ಸುಧಾಕರನ ಕುಡಿತ ಅವನ ಊರಾದ ಬಾರ್ಕೂರಿನಿಂದ ಬೈಂದೂರಿನವರೆಗೆ ಹೆಸರಾಗಿತ್ತು. ಬಿಟ್ಟು ವರ್ಷಗಳಾಗಿದ್ದವು. ಇನ್ನೊಮ್ಮೆ ಮುಟ್ಟಿದರೆ ಮಗಳು ಪೂಜಿತಾಳನ್ನು ಕರೆದುಕೊಂಡು ತವರಿಗೆ ಬಂದುಬಿಡುತ್ತೇನೆ ಎಂದು ಹೆಂಡತಿ ಸ್ವಾತಿ ಹೇಳಿದ್ದಳು. ಈಗ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಕೇಳ್ಬೇಡ ಅಂದ್ರೆ ಎಂತ ಅರ್ಥ?" ಎಂದಳು. ಸುಧಾಕರ ಕಂಬದ ಬಳಿಗೆ ಹಿಂತಿರುಗಿದ. "ಹಾಂಗಾರೆ ನಾಳೆ ನೀವೊಬ್ರೇ ಹೋಯ್ನಿ. ನಾನ್ ಬತ್ತಿಲ್ಲೆ. ಮಗೂನೂ ಕಳ್ಸುದಿಲ್ಲೆ."

ಅನೂಪ ಕೊನೆಗೆ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಅಬ್ಬಿ, ಎಲೆ ಹತ್ರ ಬಾಟ್ಲಿ ಇಟ್ಟದ್ದ್ ಯಾರ್?"

ಕಮಲ ನೆಲ ನೋಡುತ್ತಲೇ ಹೇಳಿದಳು: "ನಾನೇ ಬಡ್ಸಿದೆ. ಅವ್ರಿಗೆ ಬೇಕಾದ್ದೇ ಬಡ್ಸಿದೆ."

"ಅವ್ಳನ್ನ್ ಎಂತಕ್ ಕೇಳ್ತೆ, ಪಾಪ," ಎಂದು ಪಕ್ಕದ ಹೆಂಗಸೊಬ್ಬಳು ಕಮಲಳ ಜಾರಿದ ಸೆರಗನ್ನು ಹೆಗಲಿಗೇರಿಸಿದಳು. ಗಂಡ ಹೋದ ದಿನದಿಂದ ಕಮಲ ಅತ್ತಿರಲಿಲ್ಲ. ಕೂರೆಂದರೆ ಕೂರುತ್ತಿದ್ದಳು, ಉಣ್ಣೆಂದರೆ ಉಣ್ಣುತ್ತಿದ್ದಳು. ಸುತ್ತ ನಡೆಯುತ್ತಿರುವುದು ಅವಳಿಗೆ ನೀರಿನಡಿಯಿಂದ ಕೇಳಿದಂತೆ ಕೇಳುತ್ತಿತ್ತೋ ಏನೋ.

ಇಷ್ಟನ್ನೂ ಸರೋಜಮ್ಮ ಚಾವಡಿಯ ಮೂಲೆಯ ಬೆಂಚಿನಿಂದ ನೋಡಿದರು. ಅವರ ಪಕ್ಕದಲ್ಲಿ ಸುಗುಣಕ್ಕ ಕೂತಿದ್ದರು. ಸರೋಜಮ್ಮ ಹೈಸ್ಕೂಲಿನ ನಿವೃತ್ತ ಟೀಚರು, ಸುಗುಣಕ್ಕ ಸರ್ಕಾರಿ ಆಸ್ಪತ್ರೆಯ ನಿವೃತ್ತ ನರ್ಸು. ಬೈಂದೂರಿನ ಸ್ಟೇಷನ್ ರಸ್ತೆಯ ಒಂದೇ ಮನೆಯಲ್ಲಿ ಇಬ್ಬರ ವಾಸ. ಕಳೆದ ಬಳೆ, ಬದಲಾದ ಉಂಗುರ, ಸುಳ್ಳು ರುಜು ಇಂಥ ಯಾವ ಗೋಜಲಿಗೂ ಊರಿನವರು ಪೊಲೀಸರಿಗಿಂತ ಮೊದಲು ಸುಗುಣಕ್ಕನನ್ನು ಕರೆಯುತ್ತಿದ್ದರು. ಆಸ್ಪತ್ರೆಯಲ್ಲಿದ್ದಷ್ಟು ಕಾಲವೂ ರೋಗಿ ಹೇಳಿದ್ದಕ್ಕಿಂತ ಹೇಳದೇ ಬಿಟ್ಟದ್ದನ್ನು ಹೆಚ್ಚು ಕೇಳಿಸಿಕೊಂಡವರು ಅವರು.

ಸ್ವಾತಿ ಅವರಿಬ್ಬರನ್ನೂ ಬಾವಿಕಟ್ಟೆಯ ಹತ್ತಿರ ಕರೆದಳು. ಅವಳ ಕಣ್ಣೂ ಒಣಗಿಯೇ ಇತ್ತು.

"ಸುಗುಣಕ್ಕ, ಕುಡ್ದದ್ದ್ ಹೌದಾರೆ ಹೌದ್ ಅನ್ನಿ, ಅಲ್ದಿದ್ರೆ ಅಲ್ಲ ಅನ್ನಿ. ಅನುಮಾನ ಇಟ್ಕಂಡ್ ಅವ್ರೊಟ್ಟಿಗೆ ಬದ್ಕುಕೆ ನನ್ನಿಂದ ಆತಿಲ್ಲೆ. ಎಂಥದ್ದಾರೂ ಒಂದ್ ಗೊತ್ತಾಯ್ಕ್."

"ಅವ್ನ್ ಬಾಯಗೆ ವಾಸನೆ ಇಲ್ಲೆ," ಎಂದರು ಸುಗುಣಕ್ಕ. "ಆದ್ರೆ ನಿನ್ನೆ ಕುಡ್ದಿದ್ರೂ ಇವತ್ತ್ ವಾಸನೆ ಇಪ್ದಿಲ್ಲೆ. ನಾಳೆ ಬೆಳಿಗ್ಗೆ ವರೆಗೆ ಸಮಯ ಕೊಡ್. ಯಾರನ್ನೂ ಹೋಪುಕ್ ಬಿಡ್ಬೇಡ."

ಅವರು ಮೊದಲು ಹೋದದ್ದು ಒಳಕೋಣೆಗೆ. ಬಾಟ್ಲಿ, ಲೋಟಗಳನ್ನು ಯಾರೋ ಮತ್ತೆ ಎಲೆಯ ಬಳಿಯೇ ತಂದಿಟ್ಟಿದ್ದರು. ದೀಪದ ಬೆಳಕಿನಲ್ಲಿ ಬಾಟ್ಲಿಯ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ಕಟ್ಟಿರುವೆಗಳ ಸಾಲೊಂದು ಪೆಟ್ಟಿಗೆಯ ಅಂಚು ಹತ್ತಿ ಬಾಟ್ಲಿಯ ಕುತ್ತಿಗೆಯವರೆಗೆ ಹೋಗಿತ್ತು.

"ಎಲೆಯಲ್ಲಿ ಪಾಯಸ ಇದೆಯಲ್ಲ, ಅದಕ್ಕೆ ಬಂದಿರಬೇಕು," ಎಂದರು ಸರೋಜಮ್ಮ.

"ಪಾಯಸಕ್ಕೆ ಒಂದೂ ಮುತ್ಲಿಲ್ಲ ಕಾಣ್," ಎಂದ ಸುಗುಣಕ್ಕ ಲೋಟದೊಳಗೆ ಬೆರಳದ್ದಿ ನಾಲಗೆಗಿಟ್ಟರು. ಇನ್ನೊಮ್ಮೆ ಇಟ್ಟರು.

ಅಂಗಳದಲ್ಲಿ ಚಪ್ಪರದಡಿ ನೆರೆಮನೆಯ ಹೆಂಗಸರೇ ಅಡುಗೆ ಮಾಡಿದ್ದರು. ಒಲೆಯ ಪಕ್ಕ ಹಾಲಿಲ್ಲದ ಚಹಾದ ದೊಡ್ಡ ಕೆಟಲು ಬೆಳಗಿನಿಂದಲೂ ಬಿಸಿಯಾಗಿಯೇ ಇತ್ತು, ಬೇಕಾದವರು ಬಗ್ಗಿಸಿಕೊಳ್ಳುತ್ತಿದ್ದರು. ಇಬ್ಬರಿಗೂ ಊಟ ಬಡಿಸಿದಾಗ ಸರೋಜಮ್ಮನ ಎಲೆಗೆ ಮಾವಿನಮಿಡಿ ಉಪ್ಪಿನಕಾಯಿ ಮೂರು ಸಲ ಬಿತ್ತು.

"ಸಾಕು ಮಾರಾಯ್ತಿ, ಉಪ್ಪಿನಕಾಯಿಯ ಊಟವೋ ಇದು!"

"ಹಾಕ್ಕಣಿ ಟೀಚರೇ," ಎಂದು ಬಡಿಸುವವಳು ನಕ್ಕಳು. "ಒಳಗೆ ಬೋಗುಣಿ ತುಂಬ ಇತ್ತ್. ಖರ್ಚಾಯ್ಕಲೆ."

ಊಟವಾದ ಮೇಲೆ ಸುಗುಣಕ್ಕ ಕೈತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋದರು. ಕಾರ್ಯದ ಅಡುಗೆ ಹೊರಗೆ ನಡೆದಿದ್ದರಿಂದ ಅಲ್ಲಿ ಒಲೆಯೇ ಹೊತ್ತಿರಲಿಲ್ಲ. ಕುಟ್ಟುವ ಕಲ್ಲಿನ ಬಳಿ ಮಾತ್ರ ಹಸಿಶುಂಠಿಯ ಸಿಪ್ಪೆ ಬಿದ್ದಿತ್ತು. ಅಟ್ಟಣೆಯ ಮೇಲೆ ಉಪ್ಪಿನಕಾಯಿ ಭರಣಿಗಳು ಸಾಲಾಗಿದ್ದವು. ಎಲ್ಲಕ್ಕೂ ಕಟ್ಟಿದ ಬಟ್ಟೆ ಅರಸಿನ, ಎಣ್ಣೆ ಹೀರಿ ಕಂದಾಗಿತ್ತು. ಕೊನೆಯದರ ಬಟ್ಟೆ ಬೆಳ್ಳಗೆ ಹೊಸದು. ಸರೋಜಮ್ಮ ಅದನ್ನೂ ನೋಡಿದರು, ಆದರೆ ಅವರ ಮನಸ್ಸು ಅಂಗಳದಲ್ಲಿತ್ತು. ಅಷ್ಟು ಜನ ಅನುಮಾನದಿಂದ ನೋಡುತ್ತಿದ್ದರೂ ಸುಧಾಕರ ಬಗ್ಗಿ ಬಗ್ಗಿ, ಮಂಜು ಬಿದ್ದು ನೆನೆಯದಿರಲೆಂದು ಮುದುಕರ ಚಪ್ಪಲಿಗಳನ್ನು ಜಗಲಿಯ ಒಳಗೆ ಸರಿಸಿಡುತ್ತಿದ್ದ.

"ಇಂಥವನು ಕದ್ದು ಕುಡಿಯುತ್ತಾನೆಯೇ ಸುಗುಣಕ್ಕ? ನನ್ನನ್ನು ಕೇಳಿದರೆ ಆ ಶೈಲೇಶನೇ."

"ಶೈಲೇಶ ಕುಡ್ದಿದ್ರೆ ಎಲ್ರಿಗಿಂತ ಮೊದ್ಲ್ ಲೋಟ ಹಿಡ್ಕಂಡ್ ಬತ್ತಿದ್ನಾ? ನಿಂಗೆ ಚಪ್ಪಲಿ ಕಂಡಿತ್, ಒಳ್ಳೇದೇ. ಭರಣಿ ಕಾಣ್ಕಿತ್ತ್."

ಮರುದಿನ ಬೆಳಿಗ್ಗೆ ಎಲ್ಲರೂ ಚಾವಡಿಯಲ್ಲಿ ಸೇರಿದರು. ಸುಧಾಕರ ಚೀಲ ತುಂಬಿ ಜಗಲಿಯಲ್ಲಿಟ್ಟಿದ್ದ. ಅವನೊಬ್ಬನ ಬಟ್ಟೆಯಷ್ಟೇ ಅದರಲ್ಲಿತ್ತು. ಸ್ವಾತಿ ಅತ್ತ ನೋಡಲಿಲ್ಲ. ಸುಗುಣಕ್ಕ ಕಮಲಳ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಮಾತು ತೆಗೆದರು.

"ಅನೂಪ, ನಿಂಗೆ ಯಾರೂ ಟೋಪಿ ಹಾಕ್ಲಿಲ್ಲ. ಸೀಲ್ ಮೊನ್ನೆ ಗಟ್ಟಿ ಇದ್ದಿತ್, ಎಲ್ರೂ ಕಂಡಿರ್. ಅಂದ್ರೆ ಬಾಟ್ಲಿಯಗೆ ಇದ್ದದ್ದ್ ಬದ್ಲಾದ್ದ್ ಈ ಮನಿಯಗೇ. ಈಗ ಹೇಳ್, ಬ್ರಾಂದಿ ಕದ್ದವ ಆ ಜಾಗಕ್ಕೆ ಎಂತ ತುಂಬ್ಸ್ತಾ?"

"ಬಣ್ಣದ್ದ್ ಎಂಥದ್ದಾರೂ."

"ಅಂಗಳದಗೆ ಕೆಟಲ್ ತುಂಬ ಕಪ್ಪು ಚಾ ಇದ್ದಿತ್. ಕೈ ಚಾಚಿದ್ರೆ ಸಿಕ್ಕತ್ತ್, ಬಣ್ಣವೂ ಅದೇ. ಅದ್ ಬಿಟ್ಟ್, ಯಾರಾದ್ರೂ ಬೆಲ್ಲ ಕರ್ಗ್ಸಿ, ಶುಂಠಿ ಜಜ್ಜಿ, ಬಟ್ಟೆಲಿ ಸೋಸಿ ತುಂಬ್ಸ್ತ್ರಾ? ಬಾಟ್ಲಿಯಗೆ ಇದ್ದದ್ದ್ ಪಾನಕ. ಇರುವೆ ಹತ್ತಿದ್ದ್ ಅದ್ಕೇ. ಶುಂಠಿ ಸಿಪ್ಪೆ ಅಡ್ಗಿಮನಿಯಗೆ ಬಿದ್ದ್ಕಂಡಿತ್. ಅಷ್ಟ್ ಜಾಗ್ರತೆಯಗೆ ಮಾಡದ್ದ್ ಕದ್ದವ್ರ ಕೆಲ್ಸ ಅಲ್ಲ. ಪ್ರೀತಿಲಿ ಬಡ್ಸುವವ್ರ ಕೆಲ್ಸ."

'ಬಡ್ಸುವವ್ರು' ಎಂಬ ಮಾತಿಗೆ ಸುಧಾಕರ ಥಟ್ಟನೆ ತಲೆಯೆತ್ತಿದ. "ಸುಗುಣಕ್ಕ, ಸಾಕ್. ನಾನೇ ಅಂದ್ ಬರ್ಕಣಿ. ನಾನ್ ಹೋತೆ."

"ಕೂಕೋ. ನೀನ್ ಲೋಟ ತುಟಿಗಿಟ್ಟ್ ಬೆಳ್ಳಗಾದ್ದ್ ನಾನ್ ಕಂಡಿದೆ. ಕದ್ದವನಿಗೆ ರುಚಿ ಕಂಡ್ ಆಶ್ಚರ್ಯ ಆಪ್ದ್ ಎಂತಕ್? ನಿಂಗೆ ಆ ಪಾನಕದ ಗುರ್ತ ಇತ್ತ್. ಯಾರ ಕೈ ಅಡ್ಗಿ ಅಂದ್ ಗೊತ್ತಾಯ್ತ್. ಕಾರ್ಯದ ದಿನ ಹೋದವ್ರಿಗೆ ಬ್ರಾಂದಿ ಬದ್ಲ್ಸಿ ಬಡ್ಸಿದ್ಲ್ ಅಂದ್ ನೆಂಟ್ರೆಲ್ಲ ಅವ್ಳನ್ನ್ ಆಡ್ಕಂಬುದ್ ಬೇಡ ಅಂದ್ ಬಾಯಿ ಮುಚ್ಕಂಡೆ."

ಸುಗುಣಕ್ಕ ದನಿ ತಗ್ಗಿಸಿದರು.

"ನಿನ್ನೆ ಈ ಮನಿಯಗೆ ಒಬ್ಳೇ ನಿಜ ಹೇಳದ್ದ್. 'ಅವ್ರಿಗೆ ಬೇಕಾದ್ದೇ ಬಡ್ಸಿದೆ' ಅಂದ್ಲ್. ನಾವೆಲ್ಲ ಮೀನಿನ ಮಾತ್ ಅಂದ್ಕಂಡ್ವ್. ಬ್ರಾಂದಿ ಎಲ್ಲಿಗೂ ಹೋಯ್ಲಿಲ್ಲ. ಸಾವಿನ ಮನಿಯಗೆ ಒಂದೇ ದಿನ ಒಂದ್ ಭರಣಿ ಉಪ್ಪಿನಕಾಯಿ ಎಂತಕ್ ಹೊರ್ಗೆ ಬಂತ್ ಅಂದ್ ಯಾರೂ ಕೇಳ್ಲಿಲ್ಲ. ಭರಣಿ ಖಾಲಿ ಆಯ್ಕಿದ್ದಿತ್, ಅದ್ಕೆ. ಹೊಸ ಬಟ್ಟೆ ಕಟ್ಟಿದ್ದ್ ತಕಂಡ್ ಬಾ ಅನೂಪ."

ಅನೂಪ ಭರಣಿ ತಂದು ಬಟ್ಟೆ ಬಿಚ್ಚಿದ. ಎಲ್ಲರ ಮೂಗಿಗೂ ಬ್ರಾಂದಿಯ ಘಾಟು ಬಡಿಯಿತು, ಅದರ ಹಿಂದೆಯೇ ಮಾವಿನಮಿಡಿಯ ವಾಸನೆ. ಶೈಲೇಶ "ಅಯ್ಯೋ ದೇವ್ರೇ" ಎಂದವನು, ಯಾರೂ ನಗದಿದ್ದುದನ್ನು ನೋಡಿ ಸುಮ್ಮನಾದ.

"ಕಮಲ," ಎಂದು ಸುಗುಣಕ್ಕ ಅವಳ ಮಂಡಿಯ ಮೇಲೆ ಕೈಯಿಟ್ಟರು. "ನೀನ್ ಬಡ್ಸಿದ್ದಕ್ಕಾಗಿ ಸುಧಾಕರ ಮನೆ ಕಳ್ಕಂತಿದ್ದ. ನಿಂಗೆ ಕೇಂಡಿತಾ?"

ಕಮಲ ಅಳಿಯನ ಕಡೆ ತಿರುಗಿ ನೋಡಿದಳು. ಆಗಷ್ಟೇ ಅವನು ಅಲ್ಲಿರುವುದು ತಿಳಿದ ಹಾಗೆ.

"ಇವನ್ ಎಂತಕ್ ಹೋಯ್ಕ್?" ಎಂದಳು. "ಅವ್ರ್ ಕುಡಿತ ಬಿಟ್ಟಿದ್ರ್. ಇವ ಬಿಟ್ಟ ದಿನವೇ ಬಿಟ್ರ್. 'ನೀನ್ ಬಿಟ್ರೆ ನಾನೂ ಬಿಡ್ತೆ' ಅಂದ್ ಇವ್ನ್ ಕೈಮೇಲೆ ಕೈ ಇಟ್ಟ್ ಹೇಳಿದ್ರ್. ಸಂಜಿಗೆ ಜನ ಬತ್ರಲೆ, ಲೋಟಕ್ಕೆ ನಾನ್ ಪಾನಕ ಹಾಕಿ ಕೊಡ್ತಿದ್ದೆ. ಎಲ್ರೂ ರಮ್ ಅಂದ್ಕಂಡ್ರ್. ಸತ್ತ್ ಮೇಲೆ ಪುನಃ ಹಿಡ್ಸುಕ್ ಆತ್ತಾ?"

"ನಂಗ್ ಎಂತಕ್ ಹೇಳ್ಲಿಲ್ಲ?" ಸ್ವಾತಿ ಗಂಡನನ್ನು ಕೇಳಿದಳು.

"ಮಾವ ಬೇಡ ಅಂದಿದ್ರ್," ಎಂದ ಸುಧಾಕರ. "'ನನ್ ಹೆಸ್ರ್ ತೆಗಿಬೇಡ. ಗಂಡ ತನಗಾಗಿ ಬಿಟ್ಟ ಅಂದ್ ಅವ್ಳ್ ಖುಷಿಲಿರ್ಲಿ' ಅಂದ್ರ್."

ಅನೂಪ ಭರಣಿಯ ಮುಂದೆ ಕೂತೇ ಇದ್ದ. "ಮತ್ತೆ ಫೋನ್ ಮಾಡ್ದಾಗೆಲ್ಲ ಕೇಳ್ತಿದ್ರಲೆ ಅಬ್ಬಿ. ಹೀರೋ ಬ್ರಾಂದಿ ಯಾವಾಗ ತತ್ತೆ, ಯಾವಾಗ ತತ್ತೆ ಅಂದ್..."

"ನಿನ್ನತ್ರ ಮಾತಾಡುಕೆ ಅವ್ರಿಗೆ ಬೇರೆ ಎಂತ ಇದ್ದಿತ್ ಮಗಾ?" ಎಂದಳು ಕಮಲ. ಬಯ್ಯುವ ದನಿಯಲ್ಲ ಅದು. ಹೊರಗೆ ಬಿಸಿಲಿದೆ ಎಂದಂತೆ. "ನೀನ್ ಆಸಿಲಿ ತಂದದ್ದ್. ಚೆಲ್ಲುಕೆ ಮನ್ಸ್ ಬರ್ಲಿಲ್ಲ. ಅದ್ಕೇ ಎತ್ತಿಟ್ಟೆ."

ಅನೂಪ ಎದ್ದು ಬಂದು ಸುಧಾಕರನ ಮುಂದೆ ನಿಂತ. ಸುಧಾಕರನೇ ಅವನ ಭುಜ ತಟ್ಟಿ, "ಚಾ ಕುಡಿಲಿಲ್ಲ ನೀನ್, ಹೋಯ್ ಕುಡಿ," ಎಂದ.

ನೆಂಟರು ಒಬ್ಬೊಬ್ಬರಾಗಿ ಎದ್ದರು. ಪೂಜಿತಾ ಚಾಪೆಯ ಮೇಲೆ ಇನ್ನೂ ನಿದ್ದೆಯಲ್ಲಿದ್ದಳು. ಸ್ವಾತಿ ಜಗಲಿಗೆ ಹೋಗಿ ಗಂಡನ ಚೀಲದ ಜಿಪ್ಪು ತೆಗೆದಳು. ಅವನ ಬಟ್ಟೆಗಳನ್ನು ಒಂದು ಬದಿಗೆ ಒತ್ತಿ, ಉಳಿದ ಜಾಗವನ್ನು ಅಂಗೈಯಲ್ಲಿ ಅಳೆದಳು. ಸರೋಜಮ್ಮನಿಗೆ ಕಂಡದ್ದು ಅವಳ ಬೆನ್ನು ಮಾತ್ರ.

"ಬಾರ್ಕೂರ್ ಬಸ್ಸಿಗೆ ಈಗ ರಶ್ ಇರತ್ತಾ?" ಎಂದಳು ಅವಳು, ತಿರುಗದೆ.

"ಇರತ್ತ್," ಎಂದ ಸುಧಾಕರ.

"ಹಾಂಗಾರೆ ಮುಂದಿನ್ ಬಸ್ಸಿಗೆ ಹೋಪ. ಮೂರ್ ಜನಕ್ಕೂ ಸೀಟ್ ಸಿಕ್ಕತ್ತ್."