ಗದ್ದುಗೆಯ ಮುಂದಿನ ಆಣೆ

ಪರೀಕ್ಷೆಗೆ ಹೊರಡಬೇಕಾದ ಹುಡುಗಿ ಹಾಲಮ್ಮ ದೇವರ ಗೂಡಿನ ಮುಂದೆ ಒದ್ದೆ ಕೂದಲು ಹರವಿಕೊಂಡು ಕೂತು ಅಳುತ್ತಿದ್ದಳು. ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳುವ ಮುಂಚೆ ಅವಳು ಹಳೆಯ ಶಿವದಾರ ಬಿಚ್ಚಿ, ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಗೂಡಿನಲ್ಲಿಟ್ಟಿದ್ದಳು. ಪರೀಕ್ಷೆಯ ದಿನವೆಂದು ಅವಳ ತಾಯಿ ಶಕುಂತಲಮ್ಮ ಹೊಸ ದಾರ ಹೊಸೆದು ಪಕ್ಕದಲ್ಲೇ ಇಟ್ಟಿದ್ದಳು. ಸ್ನಾನ ಮುಗಿಸಿ ಬಂದು ನೋಡಿದರೆ ಹೊಸ ದಾರ ಮಾತ್ರ ಇತ್ತು, ಕರಡಿಗೆ ಇರಲಿಲ್ಲ.

ದಾವಣಗೆರೆಯ ಹಳೇಪೇಟೆಯಲ್ಲಿ ಹತ್ತಿ ವ್ಯಾಪಾರದ ಕೊಟ್ಟೂರಪ್ಪನವರ ಮನೆಯೆಂದರೆ ಆಚಾರದ ಮನೆ. ಲಿಂಗ ಮೈಮೇಲಿಲ್ಲದೆ ಆ ಮನೆಯಲ್ಲಿ ಯಾರೂ ಗುಟುಕು ನೀರು ಕುಡಿದವರಲ್ಲ, ಹೊಸ್ತಿಲು ದಾಟಿದವರಲ್ಲ. ಕೊಟ್ಟೂರಪ್ಪನವರ ತಮ್ಮ ನಾಗರಾಜಪ್ಪ, ಎಂದರೆ ಹಾಲಮ್ಮನ ತಂದೆ, ಮಠದ ಅಯ್ಯನವರನ್ನು ಕರೆತಂದು ಬೇರೆ ಲಿಂಗ ಕಟ್ಟಿಸೋಣವೆಂದು ಓಡಿದ. ಅಯ್ಯನವರು ಹಿಂದಿನ ದಿನವೇ ಯಾವುದೋ ಹಳ್ಳಿಗೆ ಹೋಗಿದ್ದರು. ಇತ್ತ ಹೊತ್ತು ಏರುತ್ತಿತ್ತು. ಹುಡುಗಿ ತಾಯಿಯ ಮುಖ ನೋಡಿದಳು.

"ಅವ್ವ, ಬರೆದು ಬಂದು ಹುಡುಕ್ತೀನಿ. ಹೋಗ್ಲಾ?"

"ಲಿಂಗ ಬಿಟ್ಟು ಹೆಂಗೆ ಹೋಗ್ತಿ? ಬ್ಯಾಡ, ಕೂಡು," ಎಂದಳು ಶಕುಂತಲಮ್ಮ.

ಆ ಮಾತು ತನ್ನ ಬಾಯಿಂದಲೇ ಬಂತಲ್ಲ ಎಂಬುದು ಮುಂದೆ ಅವಳನ್ನು ಬಹಳ ದಿನ ಸುಟ್ಟಿತು. ಆ ಹೊತ್ತಿಗೆ ಅವಳಿಗೆ ಬೇರೆ ಮಾತು ತಿಳಿದಿರಲಿಲ್ಲ. ತಾಯಿ ಮಗಳು ಇಬ್ಬರೂ ಮನೆಯ ಮೂಲೆ ಮೂಲೆ ಹುಡುಕಿದರು. ಸಂಜೆ, ಪರೀಕ್ಷೆಗೆ ಹೋದ ಮಕ್ಕಳೆಲ್ಲ ಮನೆಗೆ ಬಂದ ಮೇಲೆ, ಕರಡಿಗೆ ಉಗ್ರಾಣದ ಬೆಲ್ಲದ ಗಡಿಗೆಯೊಳಗೆ ಸಿಕ್ಕಿತು. ಉಗ್ರಾಣಕ್ಕೆ ಬೀಗವಿತ್ತು. ಬೀಗದ ಕೈ ಕೊಟ್ಟೂರಪ್ಪನವರ ಹೆಂಡತಿ, ಹಿರಿಯ ಸೊಸೆ ಅನ್ನಪೂರ್ಣಮ್ಮನ ಸೊಂಟದಲ್ಲಿತ್ತು.

"ಇಲಿ ಎಳ್ಕೊಂಡು ಹೋಗಿರಬೇಕು," ಎಂದಳು ಅನ್ನಪೂರ್ಣಮ್ಮ.

"ಬೀಗ ತೆಗೆಯೋ ಇಲಿ ನಮ್ಮನ್ಯಾಗೆ ಒಂದೇ ಐತೆ ಅಕ್ಕ," ಎಂದಳು ಶಕುಂತಲಮ್ಮ.

ಅನ್ನಪೂರ್ಣಮ್ಮನ ಮಗ ಮುರಿಗೆಪ್ಪ ಹಿಂದಿನ ವರ್ಷ ಇದೇ ಮಿಡ್ಲ್ ಸ್ಕೂಲ್ ಪರೀಕ್ಷೆಯಲ್ಲಿ ನಪಾಸಾಗಿ, ತನಗಿಂತ ಚಿಕ್ಕವಳಾದ ಹಾಲಮ್ಮನ ತರಗತಿಯಲ್ಲೇ ಕೂತಿದ್ದ. ತಂಗಿ ಪಾಸಾಗಿ ಅಣ್ಣ ಮತ್ತೆ ಬಿದ್ದರೆ ಬೀಗರು ಬಿಜ್ಜರಲ್ಲಿ ತಲೆ ಎತ್ತುವುದು ಹೇಗೆ ಎಂದು ಅನ್ನಪೂರ್ಣಮ್ಮ ನೆರೆಮನೆಯವರ ಮುಂದೆ ಹಲವು ಸಲ ಹಲುಬಿದ್ದುಂಟು. ಆ ವರ್ಷವೂ ಹುಡುಗ ಬಿದ್ದ. ಹಾಲಮ್ಮ ಪರೀಕ್ಷೆಯನ್ನೇ ಬರೆಯಲಿಲ್ಲವಾದ್ದರಿಂದ ಮನೆಯಲ್ಲಿ ಯಾರನ್ನೂ ಯಾರೊಂದಿಗೂ ಹೋಲಿಸುವ ಪ್ರಸಂಗ ಬರಲಿಲ್ಲ. ಹೆಣ್ಣುಮಗಳಿಗೆ ಓದು ಸಾಕು, ಬರುವ ವರ್ಷ ಗಂಡು ನೋಡೋಣ ಎಂದು ಕೊಟ್ಟೂರಪ್ಪನವರು ಊಟದ ಹೊತ್ತಿನಲ್ಲಿ ಸಹಜವಾಗಿ ಹೇಳಿದರು. ಅಂದಿನಿಂದ ಶಕುಂತಲಮ್ಮನ ಎದೆಯೊಳಗೆ ಒಂದು ಕೆಂಡ ಕೂತಿತು. ಶಿವಪೂಜೆಗೆ ಕೂತಾಗಲೂ ಅದು ಆರಲಿಲ್ಲ. ಅಂಗೈಯ ಮೇಲಿನ ಲಿಂಗವನ್ನು ನೋಡುತ್ತಲೇ ಅವಳು, ಅಕ್ಕನಿಗೂ ಹಿಂಗೇ ಆಗಲಿ, ಅವಳ ಕಣ್ಣ ಮುಂದೆಯೇ ಆಗಲಿ ಎಂದು ಬೇಡಿಕೊಳ್ಳುತ್ತಿದ್ದಳು.

ಹರಿಹರದ ಯಂತ್ರದ ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಬಾ ಎಂದು ನಾಗರಾಜಪ್ಪನಿಗೆ ಮೊದಲೇ ಕರೆ ಬಂದಿತ್ತು. ಊರಾಚೆ, ಹೊಸದಾಗಿ ಎದ್ದ ಮನೆಗಳ ಸಾಲಿನಲ್ಲಿ ಒಂದು ಮನೆಯೂ ಸಿಗುತ್ತಿತ್ತು. ಅಣ್ಣನ ಅಂಗಡಿ ಬಿಡಲಾರದೆ ಅವನು ಸುಮ್ಮನಿದ್ದ. ಈಗ ಶಕುಂತಲಮ್ಮ ಆ ಮಾತನ್ನು ಎತ್ತಿದಳು. ಹಿತ್ತಲ ಕಟ್ಟೆಯ ಮೇಲೆ ಕೂತು ಗಂಡಹೆಂಡತಿ ಹಲವು ಸಂಜೆ ಅದನ್ನೇ ತೂಗಿದರು. ಹರಿಹರದಾಚೆ ಆ ಮನೆಗಳ ಬಳಿಯಿದ್ದ ಶಾಲೆಗೆ ಇನ್ನೂ ತಗಡಿನ ಸೂರು, ಹೈಸ್ಕೂಲು ತೆರೆದು ಒಂದೇ ವರ್ಷವಾಗಿತ್ತು, ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು. ದಾವಣಗೆರೆಯಲ್ಲಿ ಕಲ್ಲಿನ ಕಟ್ಟಡ, ನುರಿತ ಮೇಷ್ಟರುಗಳು, ಹೆಣ್ಣುಮಕ್ಕಳಿಗೆ ಹೆಂಗಸರೇ ಪಾಠ ಹೇಳುವ ಅನುಕೂಲ. ಇದನ್ನೆಲ್ಲ ಬಿಟ್ಟು ಮಗಳನ್ನು ಬಯಲಿಗೆ ಕರೆದೊಯ್ಯುವುದೇ ಎಂದು ನಾಗರಾಜಪ್ಪ ಕೇಳಿದ. ತಂದೆ ಹೋದ ಮೇಲೆ ತನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಅಣ್ಣನಿಗೆ ಯಾವ ಬಾಯಿಂದ ಹೇಳಲಿ ಎಂದೂ ಕೇಳಿದ.

"ಈ ಊರ ಸಾಲಿ ದೊಡ್ಡದು ರೀ, ಇಲ್ಲ ಅನ್ನಲ್ಲ. ಆದ್ರೆ ಅದಕ್ಕೆ ಹೋಗೋ ದಾರಿ ನಿಮ್ಮ ಅತ್ತಿಗೆ ಸೊಂಟದ ಬೀಗದ ಕೈಯಾಗೆ ಐತೆ," ಎಂದಳು ಶಕುಂತಲಮ್ಮ. "ತಗಡಿನ ಸೂರಾದ್ರೂ ಆಗಲಿ, ನನ್ನ ಮಗಳು ಬರೀಬೇಕು. ಹೋಗೋಣ. ಆದ್ರೆ ನಾನು ಸುಮ್ಮನೆ ಹೋಗಲ್ಲ."

ಸುಮ್ಮನೆ ಹೋಗಲ್ಲ ಎಂಬುದರ ಅರ್ಥ ನಾಗರಾಜಪ್ಪನಿಗೆ ಮರುದಿನ ತಿಳಿಯಿತು. ಅವಳು ಭಾವನವರ ಮುಂದೆ ಸೆರಗು ಹೊದ್ದು ನಿಂತು, ತಾವು ಮನೆ ಬಿಡುತ್ತಿದ್ದೇವೆಂದೂ, ಮನಸ್ಸಿನಲ್ಲಿ ಕಹಿ ಇಟ್ಟುಕೊಂಡು ಹೋಗಲು ಇಷ್ಟವಿಲ್ಲವೆಂದೂ, ಆದ್ದರಿಂದ ಅಕ್ಕ ಒಂದು ಸಲ ಉಕ್ಕಡಗಾತ್ರಿಗೆ ಬಂದು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯ ಮುಂದೆ, ಮಗನ ತಲೆ ಮುಟ್ಟಿ, ಆ ಕರಡಿಗೆಯನ್ನು ತಾನು ಮುಟ್ಟಿಲ್ಲವೆಂದು ಹೇಳಿಬಿಟ್ಟರೆ ಅವಳ ಕಾಲಿಗೆ ಬಿದ್ದು ಹೋಗುತ್ತೇನೆಂದೂ ಮೆಲ್ಲನೆ ಹೇಳಿದಳು. ಕೊಟ್ಟೂರಪ್ಪನವರು ನೇರ ಮನುಷ್ಯ. ತಮ್ಮ ಹೆಂಡತಿ ಅಂಥವಳಲ್ಲವೆಂದು ಅವರು ಮನಸಾರೆ ನಂಬಿದ್ದರು. ತಪ್ಪಿಲ್ಲದವಳಿಗೆ ಅಂಜಿಕೆ ಯಾಕೆ, ಬರುವ ಅಮಾವಾಸ್ಯೆಗೇ ಹೋಗಿ ಹೇಳಿ ಬಾ, ಮನೆಯ ಮೇಲಿನ ಮಾತು ತೊಳೆದುಹೋಗಲಿ ಎಂದರು. ಅನ್ನಪೂರ್ಣಮ್ಮನ ಮುಖ ಬಿಳುಚಿತು. ಗಂಡನ ಮುಂದೆ ನಿಜ ಹೇಳುವ ಧೈರ್ಯ ಅವಳಿಗಿರಲಿಲ್ಲ. ಅದಿಲ್ಲವೆಂಬುದು ಶಕುಂತಲಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಅಮಾವಾಸ್ಯೆಯ ದಿನ ತುಂಗಭದ್ರೆಯಲ್ಲಿ ಮಿಂದು ಒದ್ದೆ ಸೀರೆಯಲ್ಲೇ ಇಬ್ಬರೂ ಗದ್ದುಗೆಯ ಮುಂದೆ ನಿಂತರು. ಸುತ್ತ ದೆವ್ವ ಬಿಡಿಸಿಕೊಳ್ಳಲು ಬಂದವರ ಕೂಗು, ಧೂಪದ ಹೊಗೆ. ಮುರಿಗೆಪ್ಪ ತಾಯಿಯ ಮುಂದೆ ತಲೆ ಬಗ್ಗಿಸಿ ನಿಂತಿದ್ದ. ಅವನಿಗೆ ಏನೂ ತಿಳಿಯದು. ಇದನ್ನೂ ಪರೀಕ್ಷೆಯಲ್ಲಿ ಪಾಸಾಗಲು ಮಾಡಿಸುವ ಹರಕೆ ಎಂದುಕೊಂಡಿದ್ದ. ಅನ್ನಪೂರ್ಣಮ್ಮನ ಕೈ ಮಗನ ತಲೆಯವರೆಗೆ ಹೋಗಿ ನಿಂತಿತು. ಅವಳು ನೆಗೆಣ್ಣಿಯ ಕಡೆ ನೋಡಿದಳು. ಸಾಕು ಬಿಡು ಎಂಬ ಒಂದು ಮಾತಿಗಾಗಿ ಆ ಕಣ್ಣು ಬೇಡುತ್ತಿತ್ತು. ಆಗ ಆ ಮಾತನ್ನು ಆಡಿದ್ದರೆ... ಶಕುಂತಲಮ್ಮ ಆಡಲಿಲ್ಲ.

"ನಾನು ಆ ಕರಡಿಗೆ ಮುಟ್ಟಿಲ್ಲ. ಮುಟ್ಟಿದ್ರೆ ಅಜ್ಜಯ್ಯ ನೋಡ್ಕೊಳ್ಳಲಿ," ಎಂದಳು ಅನ್ನಪೂರ್ಣಮ್ಮ.

ಶಕುಂತಲಮ್ಮ ಕೊಟ್ಟ ಮಾತಿನಂತೆ ಅವಳ ಕಾಲಿಗೆ ಬಿದ್ದಳು. ಬಗ್ಗಿದ ಮುಖದಲ್ಲಿ ನಗೆಯಿತ್ತು.

ಹರಿಹರಕ್ಕೆ ಬಂದ ಮೇಲೆ ಶಕುಂತಲಮ್ಮನ ಸಂಸಾರ ನೆಟ್ಟಗೇ ನಡೆಯಿತು. ತಗಡಿನ ಸೂರಿನ ಶಾಲೆ ಬೇಸಿಗೆಯಲ್ಲಿ ಹೆಂಚಿನಂತೆ ಕಾಯುತ್ತಿತ್ತು, ಮಳೆ ಬಂದರೆ ಮೇಷ್ಟರ ದನಿ ಕೇಳುತ್ತಿರಲಿಲ್ಲ. ಆದರೂ ಹಾಲಮ್ಮ ಒಂದು ದಿನ ತಪ್ಪಿಸಲಿಲ್ಲ. ಆ ವರ್ಷ ಪರೀಕ್ಷೆ ಬರೆದು ಪಾಸಾಗಿ ಹೈಸ್ಕೂಲು ಸೇರಿದಳು. ತಾಯಿಗೆ ಅದರಿಂದ ಸಂತೋಷವಾಯಿತು. ಆದರೆ ಅವಳು ಕಿವಿ ನಿಮಿರಿಸಿ ಕಾಯುತ್ತಿದ್ದುದು ಬೇರೆ ಸುದ್ದಿಗಾಗಿ. ದಾವಣಗೆರೆಯ ಮನೆಗೂ ಇಲ್ಲಿಗೂ ಬೆಣ್ಣೆ ತರುತ್ತಿದ್ದ ಉಚ್ಚೆಂಗೆಮ್ಮ ಬಂದಳೆಂದರೆ ಕೂಡ್ರಿಸಿ, ಎಲೆ ಅಡಿಕೆ ಕೊಟ್ಟು, ಒಂದೊಂದಾಗಿ ಕೇಳುತ್ತಿದ್ದಳು. ಹುಡುಗನಿಗೆ ಸೀನು ಬಂದರೂ ಅನ್ನಪೂರ್ಣಮ್ಮ ಉಕ್ಕಡಗಾತ್ರಿಯ ಕಡೆ ಕೈ ಮುಗಿಯುತ್ತಾಳಂತೆ. ಕೊರಳ ತುಂಬ ತಾಯಿತ ಕಟ್ಟಿದ್ದಾಳಂತೆ. ಕೆರೆಗೆ ಬಿಡಳು, ಗೆಳೆಯರೊಂದಿಗೆ ಆಡಲು ಬಿಡಳು, ಶಾಲೆಗೆ ಹೋದರೆ ಬರುವವರೆಗೂ ಬಾಗಿಲಲ್ಲೇ ನಿಂತಿರುತ್ತಾಳಂತೆ. ತಿಂಗಳು ಕಳೆದಂತೆ ಶಾಲೆಯೂ ನಿಂತಿತು, ಪರೀಕ್ಷೆಯೊಂದನ್ನು ಬರೆಯುವುದು ಉಳಿದಿತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಹುಡುಗನಿಗೆ ಮೈ ಸ್ವಲ್ಪ ಬೆಚ್ಚಗಿದೆಯೆಂದು ತಾಯಿಯೇ ಬಾಗಿಲಿಗೆ ಅಡ್ಡ ನಿಂತು ಬಿಡಲಿಲ್ಲವೆಂದೂ, ಅವನು ಬಟ್ಟೆ ಹಾಕಿಕೊಂಡು ಸಂಜೆಯವರೆಗೆ ಪಡಸಾಲೆಯಲ್ಲಿ ಕೂತಿದ್ದನೆಂದೂ ಉಚ್ಚೆಂಗೆಮ್ಮ ಮರುಕದಿಂದ ಹೇಳಿದಳು.

ಶಕುಂತಲಮ್ಮ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆ ದಿನ ಅವಳು ಕಡಲೆಬೇಳೆ ಬೇಯಿಸಿ ಹೋಳಿಗೆ ಮಾಡಿದಳು. ಯಾವ ಹಬ್ಬ ಅವ್ವ ಎಂದು ಹಾಲಮ್ಮ ಕೇಳಿದಳು. ತಾಯಿ ಅವಳ ಹೋಳಿಗೆಗೆ ತುಪ್ಪ ಹಾಕಿದಳು. ನಾಗರಾಜಪ್ಪ ಹೆಂಡತಿಯ ಮುಖ ನೋಡಿದ, ಕೈ ತೊಳೆದು ಎದ್ದ.

ಮಳೆಗಾಲ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ ಅನ್ನಪೂರ್ಣಮ್ಮ ಮಗನ ಕೈ ಹಿಡಿದುಕೊಂಡು ಆ ಮನೆಯ ಬಾಗಿಲಿಗೆ ಬಂದಳು. ತುಂಬಿದ ಮೈಯವಳಾಗಿದ್ದ ಹೆಂಗಸು, ಕುಪ್ಪಸದ ತೋಳು ಜೋಲುವಷ್ಟು ಸೊರಗಿದ್ದಳು. ಮುರಿಗೆಪ್ಪ ಎತ್ತರವಾಗಿದ್ದ, ಆದರೆ ತಾಯಿಯ ಸೆರಗು ಬಿಟ್ಟು ನಿಲ್ಲುತ್ತಿರಲಿಲ್ಲ. ಹಾಲಮ್ಮ ಅವನನ್ನು ಶಾಲೆ ತೋರಿಸುತ್ತೇನೆಂದು ಹೊರಗೆ ಕರೆದೊಯ್ಯುವ ಮುಂಚೆ, ದೊಡ್ಡವ್ವನ ಮುಂದೆ ಒಂದು ಚೆಂಬು ನೀರು ತಂದಿಟ್ಟಳು. ಅನ್ನಪೂರ್ಣಮ್ಮ ಚೆಂಬು ಮುಟ್ಟದೆ, ಮನೆಯೊಡತಿ ಕುಡಿ ಎನ್ನಲೆಂದು ಕಾದಳು. ಶಕುಂತಲಮ್ಮ ಅಕ್ಕಿ ಆರಿಸುತ್ತಲೇ ಇದ್ದಳು.

"ಶಕುಂತಲಾ, ನಾನೇ ಇಟ್ಟಿದ್ದು," ಎಂದಳು ಅನ್ನಪೂರ್ಣಮ್ಮ. "ಬೆಲ್ಲದ ಗಡಿಗ್ಯಾಗೆ ನಾನೇ ಇಟ್ಟಿದ್ದು. ನನ್ನ ಮಗ ಬಿದ್ದು ಅವಳು ಪಾಸಾಗ್ತಾಳೆ ಅನ್ನೋ ಸಂಕಟಕ್ಕೆ ಮಾಡಿಬಿಟ್ಟೆ."

"ಅದು ನನಗೆ ಅವತ್ತೇ ಗೊತ್ತಿತ್ತು."

"ಗೊತ್ತಿದ್ದೂ... ಗೊತ್ತಿದ್ದೂ ಮಗನ ತಲೆ ಮುಟ್ಟಿಸಿದ್ಯಾ?"

"ಗೊತ್ತಿದ್ದಕ್ಕೇ ಮುಟ್ಟಿಸಿದೆ."

ಅನ್ನಪೂರ್ಣಮ್ಮ ನೆಲದ ಮೇಲೆ ಕುಸಿದಳು. ಕೈ ಜೋಡಿಸಿದಳು. ಆಣೆ ಕೇಳಿದವಳೇ ಗದ್ದುಗೆಯ ಮುಂದೆ ನಿಂತು ಆಣೆ ಬಿಟ್ಟೆ ಎಂದರೆ ಅಜ್ಜಯ್ಯ ಹುಡುಗನನ್ನು ಬಿಡುತ್ತಾನೆ, ಒಂದು ಸಲ ಬಾ, ಗಂಡನಿಗೂ ನಿಜ ಹೇಳಿ ಬಂದಿದ್ದೇನೆ, ಅವರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ ಎಂದು ಬೇಡಿದಳು. ಹುಡುಗ ನಿದ್ದೆಯಲ್ಲಿ ಉಸಿರಾಡುತ್ತಾನೋ ಇಲ್ಲವೋ ಎಂದು ಮೂಗಿನ ಬಳಿ ಕೈ ಹಿಡಿದು ನೋಡುತ್ತೇನೆ ಎಂದಳು. ಒಳಗಿನಿಂದ ನಾಗರಾಜಪ್ಪ ಬಂದು, ಅತ್ತಿಗೆಯವರನ್ನು ಮೇಲಕ್ಕೆಬ್ಬಿಸುವಂತೆ ಹೆಂಡತಿಗೆ ಸನ್ನೆ ಮಾಡಿದ. ಶಕುಂತಲಮ್ಮ ಮೊರ ಪಕ್ಕಕ್ಕಿಟ್ಟಳು.

"ಬರ್ತೀನಿ ಅಕ್ಕ. ಆದ್ರೆ ಈಗಲ್ಲ. ಮುರಿಗೆಪ್ಪನ್ನ ಇಲ್ಲಿ ಬಿಟ್ಟು ಹೋಗು. ನನ್ನ ಮನ್ಯಾಗೆ ಉಣ್ಣಲಿ, ನನ್ನ ಮಗಳು ಹೋಗೋ ತಗಡಿನ ಸಾಲಿಗೆ ಹೋಗಲಿ. ಅವನು ಪಾಸಾಗೋವರೆಗೂ ನೀನು ಈ ಬಾಗಿಲಿಗೆ ಬರಬ್ಯಾಡ, ಒಂದು ತುತ್ತೂ ಕಳಿಸಬ್ಯಾಡ. ಅವನು ಪಾಸಾದ ದಿನ ನಾನು ಬಂದು ಆಣೆ ಬಿಡ್ತೀನಿ."

"ಬ್ಯಾಡ ಕಣೇ. ತಾಯಿ ಮಗನ್ನ ಅಗಲಿಸೋದು ಶಿವ ಮೆಚ್ಚಲ್ಲ," ಎಂದ ನಾಗರಾಜಪ್ಪ.

"ಕರಡಿಗೆ ಅಡಗಿಸಿದ್ದನ್ನ ಮೆಚ್ಚಿದ್ನೇನು?"

ಅನ್ನಪೂರ್ಣಮ್ಮ ಬಾಗಿಲ ಹೊರಗೆ ನೋಡುತ್ತ ಕೂತಳು. ಅಲ್ಲಿ ಬಯಲಿನಾಚೆ ತಗಡಿನ ಸೂರು ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಕಡೆ ತಮ್ಮ ಊರು, ಕಲ್ಲಿನ ಶಾಲೆ, ಕಣ್ಣೆದುರಿನ ಮಗ. ಇನ್ನೊಂದು ಕಡೆ ಈ ಬಯಲು, ತನ್ನನ್ನು ಹಗೆ ಹಿಡಿದವಳ ಒಲೆ. ಯಾವ ತಾಯಿಯೂ ಎರಡನೆಯದನ್ನು ಆರಿಸಳು. ಆದರೆ ಬಯಲಿನಲ್ಲಿ ಹಾಲಮ್ಮನ ಜೊತೆ ಬರುತ್ತಿದ್ದ ಮುರಿಗೆಪ್ಪ ಆ ಹೊತ್ತಿಗೆ ಏನೋ ಕೇಳಿ ನಕ್ಕ. ಮಗ ನಕ್ಕದ್ದನ್ನು ಅವಳು ನೋಡಿ ವರ್ಷವಾಗಿತ್ತು.

"ನನ್ನ ಕೈಯಾಗಿದ್ರೆ ಅಂಜಿ ಅಂಜಿ ನಾನೇ ಅವನ್ನ ಕೊಲ್ತೀನಿ," ಎಂದಳು ಮೆಲ್ಲಗೆ. "ಇಟ್ಕೋ."

ಅವಳು ಎದ್ದು, ಬಾಗಿಲಲ್ಲಿ ಮಗನ ಕಿವಿಯಲ್ಲಿ ಏನೋ ಹೇಳಿ, ಬಸ್ಸಿನ ದಾರಿ ಹಿಡಿದಳು. ತಿರುಗಿ ನೋಡಲಿಲ್ಲ. ಚೆಂಬಿನ ನೀರು ಇಟ್ಟಲ್ಲೇ ಇತ್ತು. ಭಿಕ್ಷೆಗೆ ಬಂದವರನ್ನೂ ಉಣ್ಣಿಸಿ ಕಳಿಸುವ ವಂಶದ ಸೊಸೆ ಶಕುಂತಲಮ್ಮ, ಒಡಹುಟ್ಟಿದವಳಂತೆ ಒಂದೇ ಒಲೆಯಲ್ಲಿ ಬೇಯಿಸಿ ಉಂಡವಳನ್ನು ಬಾಯಾರಿದ ಹಾಗೆಯೇ ಕಳಿಸಿದಳು. ಬೇಕೆಂದೇ ಕಳಿಸಿದಳು. ತಾನು ಬೇಡಿಕೊಂಡದ್ದೆಲ್ಲ ಕೈಗೂಡಿತೆಂದು ಒಲೆ ಹೊತ್ತಿಸಿದಳು.

ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಊಟಕ್ಕೆ ಕೂಡ್ರಿಸಿದಳು. ಮುರಿಗೆಪ್ಪ ರೊಟ್ಟಿ ಮುರಿದು, ಬಾಯಿಗೆ ಹಾಕುವ ಮುಂಚೆ ತಲೆ ಎತ್ತಿದ.

"ಚಿಗವ್ವ, ಅವ್ವ ಉಂಡು ಹೋದ್ಳಾ?"

ಹೌದು ಎಂದುಬಿಡಬಹುದಾಗಿತ್ತು. ಯಾಕೋ ಅವಳ ನಾಲಿಗೆ ಹೊರಳಲಿಲ್ಲ.

"ಇಲ್ಲಪ್ಪ. ನಾನು ಉಣ್ಣು ಅನ್ನಲಿಲ್ಲ."

ಹುಡುಗ ಅಳುತ್ತಾನೆ, ಗಂಗಾಳ ನೂಕಿ ಏಳುತ್ತಾನೆ ಎಂದು ಅವಳು ಕಾದಳು. ಅವನು ಏಳಲಿಲ್ಲ.

"ಹೋಗೋವಾಗ ಹೇಳಿದ್ಲು ಅವ್ವ," ಎಂದ. "ಚಿಗವ್ವ ಬಡಿಸಿದ್ದನ್ನ ಬ್ಯಾಡ ಅನ್ನಬ್ಯಾಡ, ನೀನು ಕೂಸಿದ್ದಾಗ ನನಗೆ ಜ್ವರ ಬಂದು ಮಲಗಿದ್ರೆ ಅವಳೇ ನಿನಗೆ ತುತ್ತು ಮಾಡಿ ಹಾಕ್ತಿದ್ಲು ಅಂತ."

ಇಷ್ಟು ಹೇಳಿ ತಲೆ ಬಗ್ಗಿಸಿ ಉಣ್ಣತೊಡಗಿದ. ಶಕುಂತಲಮ್ಮ ಇನ್ನೊಂದು ರೊಟ್ಟಿ ಹಾಕಿದಳು. ಅವನು ಬೇಡವೆನ್ನಲಿಲ್ಲ. ಮತ್ತೊಂದು ಹಾಕಿದಳು. ಹೊಟ್ಟೆ ತುಂಬಿದ್ದರೂ ತಾಯಿಯ ಮಾತಿಗೆ ಕಟ್ಟುಬಿದ್ದು ಅವನು ಅದನ್ನೂ ಮುರಿದು ಬಾಯಿಗಿಟ್ಟ. ಆಗ ಅವಳೇ ಅವನ ಕೈ ಹಿಡಿದು, ಸಾಕು ಮಗ, ಏಳು ಎಂದಳು. ಮಕ್ಕಳು ಮಲಗಿದರು, ಗಂಡನ ಊಟವಾಯಿತು. ಅವಳ ಗಂಗಾಳ ಮಾತ್ರ ಗೋಡೆಗೊರಗಿಸಿಟ್ಟ ಹಾಗೆಯೇ ಇತ್ತು.