ಬಣ್ಣ ಬರುವ ಗಳಿಗೆ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಆಸ್ಪತ್ರೆಯ ತರಬೇತಿ ವಿಭಾಗದ ಮುಖ್ಯಸ್ಥರು ಠಾಣೆಗೆ ಬಂದು ದೂರು ಕೊಟ್ಟರು: ಶಸ್ತ್ರಚಿಕಿತ್ಸೆ ಕಲಿಸುವ ವಿಡಿಯೊ ಹೆಡ್‌ಸೆಟ್ ಒಂದು ಕಳವಾಗಿದೆ. ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರು ದಫೇದಾರರೊಡನೆ ಪಂಚನಾಮೆಗೆ ಹೊರಟರು.

ತರಬೇತಿ ಕೋಣೆಯಲ್ಲಿ ಕಪ್ಪು ಪರದೆ ಎಳೆದಿತ್ತು. ಕಣ್ಣಿಗೆ ಹೆಡ್‌ಸೆಟ್ ಬಿಗಿದುಕೊಂಡ ಎಳೆಯ ವೈದ್ಯರು ಸಾಲಾಗಿ ನಿಂತು ಇಲ್ಲದ ಸೂಜಿಯಿಂದ ಇಲ್ಲದ ಹೊಟ್ಟೆಯನ್ನು ಹೊಲಿಯುತ್ತಿದ್ದರು. ನೀರೊಳಗಿನ ಗಿಡಗಳಂತೆ ಕೈಗಳು ತೂಗುತ್ತಿದ್ದವು. ನಿದ್ದೆಯಲ್ಲಿರುವವರನ್ನು ಎಬ್ಬಿಸಬಾರದೆಂಬಂತೆ ದಫೇದಾರರು ಬೂಟಿನ ಸದ್ದು ತಗ್ಗಿಸಿದರು.

"ಹೋಗಿರೋದ್ರಲ್ಲಿ ಏನಿತ್ತು?" ಇನ್‌ಸ್ಪೆಕ್ಟರು ಮುಖ್ಯಸ್ಥರನ್ನು ಕೇಳಿದರು.

"ಕಿಡ್ನಿ ಕಸಿಯ ಹಳೇ ವಿಡಿಯೊ. ಉಳಿದೆಲ್ಲ ಹೆಡ್‌ಸೆಟ್‌ನಿಂದ ಅಳಿಸಿದ್ವಿ. ಇದ್ರಿಂದ್ಲೂ ಈ ವಾರ ಅಳಿಸೋದಿತ್ತು."

"ಯಾರಾದ್ರೂ ಕೇಳಿದ್ರಾ ಅದನ್ನ?"

"ಈ ಪರದೆ ಹೊಲಿದ ಟೈಲರ್. ಒಂದ್ಸಲ ತೋರಿಸಿ ಅಂತ ಗೋಗರೆದ. ರೋಗಿಯ ಖಾಸಗಿ ವಿಷಯ, ಆಗಲ್ಲ ಅಂದೆ."

"ರೋಗಿ ಯಾರು?"

ಮುಖ್ಯಸ್ಥರು ಕೆಮ್ಮಿದರು. "ಟೈಲರೇ."

ಇನ್‌ಸ್ಪೆಕ್ಟರು ಹೇಳಿಕೆಯನ್ನು ಹಾಗೆಯೇ ಬರೆಸಿಕೊಂಡರು. ಆಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ಇಳಿಯುವ ಕ್ಯಾಮೆರಾಗಳಿದ್ದವು. ಕಾರಿಡಾರಿನದು ಕೆಟ್ಟು ವರ್ಷವಾಗಿತ್ತು. ಆದ್ದರಿಂದ ಅವರು ನೇರ ಟೈಲರ್ ಅಂಗಡಿಗೇ ನಡೆದರು.

ಬಾಗಿಲು ಅರ್ಧ ಎಳೆದಿತ್ತು. ಟೈಲರ್ ಹೊಲಿಗೆ ಯಂತ್ರದ ಮುಂದೆ ಹೆಡ್‌ಸೆಟ್ ತೊಟ್ಟು, ಬಲ ಕಿಬ್ಬೊಟ್ಟೆಯ ಮೇಲೆ ಅಂಗೈಯಿಟ್ಟು ಕೂತಿದ್ದ.

"ಪೊಲೀಸ್."

"ಗೊತ್ತಾಯ್ತು ಸರ್. ಒಂದ್ನಿಮಿಷ, ಈಗ ಬಣ್ಣ ಬರುತ್ತೆ."

ಕಾದರು. ಅವನು ಹೆಡ್‌ಸೆಟ್ ತೆಗೆದು ಕಣ್ಣೊರೆಸಿಕೊಂಡ.

"ಈ ಕಿಡ್ನಿ ಅಕ್ಕ ಕೊಟ್ಟಿದ್ದು. ಅವಳು ಹೋಗಿ ಎರಡು ವರ್ಷ. ಅವಳದ್ದು ಅಂತ ಜೀವಂತ ಇರೋದು ಇದೊಂದೇ. ಕಲಿಯೋ ಹುಡುಗರೆಲ್ಲ ನೋಡಿದ್ದಾರೆ, ನಾನೊಬ್ಬ ನೋಡಿರ್ಲಿಲ್ಲ."

ಕಳವಾದ ವಸ್ತು ಅದೇ ಹೌದೋ ಎಂದು ಪರೀಕ್ಷಿಸುವುದು ಕ್ರಮ. ಇನ್‌ಸ್ಪೆಕ್ಟರು ತೊಟ್ಟು ನೋಡಿದರು. ಮಂಜಿನೊಳಗಿಂದ ಎರಡು ಕೈ ಬಂದವು, ರಕ್ತನಾಳಕ್ಕೆ ಹಾಕಿದ್ದ ಕ್ಲಿಪ್ಪು ಸಡಿಲಿಸಿದವು. ಬೂದಿಯಂತೆ ಬಿಳಿಚಿದ್ದ ಕಿಡ್ನಿ ಮೆಲ್ಲಗೆ, ಹೆಸರು ಹಿಡಿದು ಕರೆದಾಗ ನಾಚಿದ ಕೆನ್ನೆಯ ಹಾಗೆ, ಕೆಂಪೇರಿತು. ಕ್ರಮಕ್ಕೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದರು.

"ವಾಪಸ್ ಕೊಟ್ರೆ ಅಳಿಸ್ಬಿಡ್ತಾರೆ ಸರ್."

"ಅಳಿಸೋಕಾಗಲ್ಲ. ಇನ್ಮೇಲೆ ಇದು ಮುದ್ದೇಮಾಲು. ಕೇಸು ಮುಗಿಯೋವರೆಗೂ ಯಾರೂ ಮುಟ್ಟೋ ಹಾಗಿಲ್ಲ. ವಿಚಾರಣೇಲಿ ಹಾಕಿ ತೋರಿಸ್ಬೇಕು, ಆರೋಪಿ ಎದುರಿಗೇ."

"ಯಾವಾಗ ಮುಗಿಯುತ್ತೆ?"

ದಫೇದಾರರು ನಕ್ಕರು. "ಅಕ್ಕನ ಕಿಡ್ನಿನ ಜೋಪಾನ ಮಾಡ್ಕೊಳಯ್ಯ. ನಮ್ಮ ಕೋರ್ಟಿಗೆ ಅದು ಬಾಳ್ಕೆ ಬರ್ಬೇಕು."

ಮಧ್ಯಾಹ್ನ ಮೂರಕ್ಕೆ ಬಂಧನ. ಜೀಪು ಗುಂಡಿಗೆ ಇಳಿದಾಗಲೆಲ್ಲ ಅವನು, ಪಕ್ಕದಲ್ಲಿ ತೂಕಡಿಸುವವರಿಗೆ ಕೈ ಅಡ್ಡ ಕೊಡುವಂತೆ, ಕಿಬ್ಬೊಟ್ಟೆ ಹಿಡಿದುಕೊಳ್ಳುತ್ತಿದ್ದ. ಇನ್‌ಸ್ಪೆಕ್ಟರು ಚಾಲಕನಿಗೆ ನಿಧಾನ ಹೋಗಲು ಹೇಳಿದರು.